ಮಂಗ ಹೇನು ಹೆಕ್ಕುವ ಹೊತ್ತು

ಆಗುಂಬೆ ಘಾಟಿಯ ತಿರುವಿನಲ್ಲಿ ಬೈಕ್ ನಿಲ್ಲಿಸಿದರೆ ಕಟ್ಟೆಯ ಮೇಲೆ ಮಂಗಗಳು ಕೂತಿರುತ್ತವೆ. ಒಂದು ಬೆನ್ನು ಕೊಟ್ಟು ಕಣ್ಣು ಮುಚ್ಚಿರುತ್ತದೆ. ಇನ್ನೊಂದು ಅದರ ಕೂದಲು ಬಿಡಿಸಿ ಬಿಡಿಸಿ ಹೇನು ಹೆಕ್ಕುತ್ತದೆ. ಎಷ್ಟು ಹೊತ್ತು ನೋಡಿದರೂ ಅವಸರ ಕಾಣುವುದಿಲ್ಲ.

ಹೇನು ಅರ್ಧ ನೆಪ. ಮೈಮೇಲೆ ಹಗುರವಾಗಿ ಕೈಯಾಡಿದಾಗ ಮಿದುಳಿನಲ್ಲಿ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ. ನೋವು ಕಡಿಮೆ ಮಾಡಿ ಹಾಯೆನಿಸುವ ರಾಸಾಯನಿಕ ಅದು. ಕೆಲವು ಜಾತಿಯ ಮಂಗಗಳು ಹಗಲಿನ ಐದನೇ ಒಂದು ಪಾಲನ್ನು ಈ ಕೆಲಸಕ್ಕೇ ಕೊಡುತ್ತವೆ. ನಾಳೆ ಜಗಳ ಬಿದ್ದರೆ ಪಕ್ಕದಲ್ಲಿ ನಿಲ್ಲುವ ಜೊತೆಗಾರ ಸಿಗುವುದು ಹೀಗೆ.

ಬ್ರಿಟನ್ನಿನ ವಿಜ್ಞಾನಿ ರಾಬಿನ್ ಡನ್‌ಬಾರ್ 1992ರಲ್ಲಿ ಮಂಗ, ವಾನರಗಳ ಮಿದುಳಿನ ಹೊರಪದರದ ಗಾತ್ರವನ್ನು ಅವುಗಳ ಗುಂಪಿನ ಗಾತ್ರದ ಜೊತೆ ಇಟ್ಟು ನೋಡಿದರು. ಅದೇ ಲೆಕ್ಕವನ್ನು ಮನುಷ್ಯನಿಗೆ ಹಾಕಿದಾಗ ಬಂದದ್ದು ಸುಮಾರು 150 ಜನರ ಗುಂಪು. ಅದರಲ್ಲೂ ತೀರಾ ಹತ್ತಿರದವರು ಐದೇ ಜನ. ಇಂಥ ಲೆಕ್ಕದಿಂದ ಒಂದೇ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಲು ಬರುವುದಿಲ್ಲ ಎಂದು 2021ರಲ್ಲಿ ಸ್ಟಾಕ್‌ಹೋಮ್‌ನ ಸಂಶೋಧಕರು ತಕರಾರು ತೆಗೆದರು. ಅವರ ಮಾತು ನನಗೂ ಸರಿ ಅನ್ನಿಸುತ್ತದೆ. ಆದರೆ ಒಳಗಿನ ಸುತ್ತು ಚಿಕ್ಕದು ಅನ್ನುವುದು ಎಲ್ಲರಿಗೂ ಗೊತ್ತಿರುವುದೇ, ಅಲ್ವಾ? ಫೇಸ್‌ಬುಕ್ 5000 ಗೆಳೆಯರಿಗೆ ಜಾಗ ಕೊಡುತ್ತದೆ. ಡನ್‌ಬಾರ್ 2016ರಲ್ಲಿ ಬ್ರಿಟನ್ನಿನ ಬಳಕೆದಾರರ ಸಮೀಕ್ಷೆಗಳನ್ನು ನೋಡಿದಾಗ, ಕಷ್ಟಕ್ಕೆ ಆಗುವವರು ಅಂತ ಜನ ಎಣಿಸಿದ್ದು ಸರಾಸರಿ ನಾಲ್ಕೇ ಮಂದಿಯನ್ನು.

ಯಾಕೆ ಇಷ್ಟು ಕಡಿಮೆ? ಗೆಳೆತನಕ್ಕೆ ಹೊತ್ತು ಬೇಕು. ಅಮೆರಿಕದ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಇದನ್ನು ಅಂದಾಜು ಮಾಡಿದರು. ಪರಿಚಯ ಸ್ನೇಹವಾಗಲು ಸುಮಾರು 50 ಗಂಟೆ. ಆಪ್ತ ಗೆಳೆತನಕ್ಕೆ 200ಕ್ಕೂ ಜಾಸ್ತಿ.

ಇದನ್ನು ಓದಿದಾಗ ನನಗೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಡಿಕೆ ಚಪ್ಪರ ನೆನಪಾಯಿತು. ಅಡಿಕೆ ಗೊನೆ ಕೊಯ್ದ ದಿನ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರು ಸುಲಿಯಲು ಬರುತ್ತಿದ್ದರು. ಇವತ್ತು ಅವರು ನಮ್ಮಲ್ಲಿಗೆ, ನಾಳೆ ನಾವು ಅವರಲ್ಲಿಗೆ. ಒಂದೇ ಬಲ್ಬು, ನಡುವೆ ಹಸಿ ಅಡಿಕೆ ರಾಶಿ, ಸುತ್ತ ಮೆಟ್ಟುಗತ್ತಿ. ಕಾಯನ್ನು ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಬೇರೆ, ಬೇಳೆ ಬೇರೆ. ಬೆರಳು ಕಪ್ಪಾಗಿ ವಾರಗಟ್ಟಲೆ ಹಾಗೇ ಇರುತ್ತಿತ್ತು. ಕೈಗೆ ಕೆಲಸ, ಬಾಯಿಗೆ ಬಿಡುವು. ಯಾರದೋ ಕಥೆಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಒಟ್ಟಿಗೆ ನಕ್ಕಾಗ ನೋವು ತಡೆಯುವ ಶಕ್ತಿ ಹೆಚ್ಚುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಅಲ್ಲೂ ಕೆಲಸ ಮಾಡುವುದು ಎಂಡಾರ್ಫಿನ್ನೇ ಎಂಬುದು ಸಂಶೋಧಕರ ವಿವರಣೆ. ರಾತ್ರಿಗೆ ನಾಲ್ಕು ಗಂಟೆಯಂತೆ 50 ರಾತ್ರಿ ಕೂತರೆ 200 ಗಂಟೆ. ಒಂದೆರಡು ಹಂಗಾಮಿನ ಲೆಕ್ಕ ಅಷ್ಟೆ. ಈಗ ಸುಲಿಯುವ ಮಷಿನ್ ಬಂದಿದೆ. ಸೊಂಟನೋವು ತಪ್ಪಿತು, ಬಂದಿದ್ದು ಒಳ್ಳೆಯದೇ. ಆದರೆ ಅದರ ಸದ್ದಿನಲ್ಲಿ ಮಾತು ಕೇಳುವುದಿಲ್ಲ.

ಫೋನನ್ನು ನಾನು ದೂರುವುದಿಲ್ಲ. ಬೆಂಗಳೂರು ಸೇರಿದ ಗೆಳೆಯನ ಮಗಳ ಮೊದಲ ಹೆಜ್ಜೆ ನೋಡಿದ್ದು ವಾಟ್ಸಾಪ್‌ನಲ್ಲೇ. ಭೇಟಿ ತಪ್ಪಿದರೆ ಸ್ನೇಹ ನಿಧಾನವಾಗಿ ಸವೆಯುತ್ತದೆ. ಆ ಸವೆತವನ್ನು ಫೋನು ತಡೆದು ಹಿಡಿಯುತ್ತದೆ. ಆದರೆ ಮೊದಲಿನ ಆ ಗಂಟೆಗಳನ್ನು ಸುಮ್ನೆ ಲೈಕ್ ಒತ್ತಿ ತುಂಬಲು ಆಗುವುದಿಲ್ಲ.

ಹೋದ ಮಳೆಗಾಲದಲ್ಲಿ ಅಪ್ಪ ಅಂಗಳದಲ್ಲಿ ಜಾರಿ ಬಿದ್ದರು. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಗುಡ್ಡ ಹತ್ತಿ, ನೆನೆಯುತ್ತಲೇ ಒಬ್ಬನಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಜೀಪು ಬಂತು. ಒಳಗೆ ಮೂವರಿದ್ದರು. ಮೂವರೂ ಆ ಚಪ್ಪರದಲ್ಲಿ ಸುಲಿಯಲು ಕೂತವರೇ. "ಹೆದರಬೇಡ ಮಾರಾಯ, ಮೊದಲು ಕಂಬಳಿ ತಾ" ಅಂದ ಒಬ್ಬ.