ಸೂಪರ್‌ಫ್ಯಾಟ್ ಎಂದರೇನು? ಸಾಬೂನಿನೊಳಗೆ ಉಳಿಯುವ ಎಣ್ಣೆಯ ಲೆಕ್ಕ

ಮನೆಯಲ್ಲೇ ಸಾಬೂನು ಮಾಡುವವರ ಮಾತಿನಲ್ಲಿ ಪದೇ ಪದೇ ಬರುವ ಪದ ‘ಸೂಪರ್‌ಫ್ಯಾಟ್’. ‘ನಂದು ಐದು ಪರ್ಸೆಂಟ್’, ‘ಒಣ ಚರ್ಮಕ್ಕೆ ಎಂಟು ಇಡಿ’ ಅಂತ ಅವರು ಮಾತಾಡಿಕೊಳ್ಳುವಾಗ ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಕೈಯಲ್ಲಿ ಮಾಡಿದ ಸಾಬೂನಿನ ಪೊಟ್ಟಣದ ಮೇಲೂ ಈ ಪದ ಕಾಣಿಸುತ್ತದೆ, ಅದೂ ಏನೋ ವಿಶೇಷ ಪೌಷ್ಟಿಕಾಂಶ ಸೇರಿಸಿದ್ದೇವೆ ಎನ್ನುವ ಧಾಟಿಯಲ್ಲಿ. ವಿಷಯ ಅಷ್ಟು ದೊಡ್ಡದಲ್ಲ. ಸಾಬೂನು ಮಾಡಲು ಸುರಿದ ಎಣ್ಣೆಯಲ್ಲಿ ಸಾಬೂನಾಗದೆ ಎಣ್ಣೆಯಾಗಿಯೇ ಉಳಿದುಹೋಗುವ ಪಾಲಿಗೆ ಸೂಪರ್‌ಫ್ಯಾಟ್ ಎನ್ನುತ್ತಾರೆ. 100 ಗ್ರಾಂ ಎಣ್ಣೆಯಲ್ಲಿ 5 ಗ್ರಾಂ ಹಾಗೆ ಉಳಿಯುವಂತೆ ಲೆಕ್ಕ ಹಾಕಿದ್ದರೆ ಅದು 5% ಸೂಪರ್‌ಫ್ಯಾಟ್.

ಎಣ್ಣೆ ಯಾಕೆ ಉಳಿಯುತ್ತದೆ, ಬೇಕೆಂದೇ ಯಾಕೆ ಉಳಿಸುತ್ತಾರೆ ಅನ್ನುವುದು ತಿಳಿಯಬೇಕಾದರೆ ಸಾಬೂನು ಹೇಗೆ ಹುಟ್ಟುತ್ತದೆ ಎಂದು ನೋಡಬೇಕು. ಎಣ್ಣೆಯ ಒಂದೊಂದು ಅಣುವಿನಲ್ಲೂ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ನೀರಿನಲ್ಲಿ ಕರಗಿ ಎಣ್ಣೆಗೆ ಸೇರಿದಾಗ ಈ ಅಂಟು ಬಿಡುತ್ತದೆ. ಕೊಬ್ಬಿನಾಮ್ಲಗಳು ಸೋಡಿಯಂ ಜೊತೆ ಕೂಡಿ ಸಾಬೂನಾಗುತ್ತವೆ, ಗ್ಲಿಸರಿನ್ ಬಿಡುಗಡೆಯಾಗುತ್ತದೆ. ಈ ಕ್ರಿಯೆಗೆ ಸಪೋನಿಫಿಕೇಶನ್ ಎಂದು ಹೆಸರು. ಗಟ್ಟಿ ಸಾಬೂನಿಗೆ ಸೋಡಿಯಂ ಹೈಡ್ರಾಕ್ಸೈಡ್, ದ್ರವ ಸಾಬೂನಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಜನ ಸಾವಿರಾರು ವರ್ಷಗಳಿಂದ ಸಾಬೂನು ಬೇಯಿಸುತ್ತಾ ಬಂದಿದ್ದರೂ ಒಳಗೆ ನಡೆಯುವುದೇನು ಎಂಬುದು ಸ್ಪಷ್ಟವಾದದ್ದು 19ನೇ ಶತಮಾನದ ಆರಂಭದಲ್ಲಿ, ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಷೆವ್ರಲ್ ಕೊಬ್ಬನ್ನು ಬಿಡಿಸಿ ಕೊಬ್ಬಿನಾಮ್ಲ ಮತ್ತು ಗ್ಲಿಸರಿನ್ ಎಂದು ತೋರಿಸಿಕೊಟ್ಟ ಮೇಲೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ‘ನಮ್ಮ ಸಾಬೂನಿಗೆ ಕಾಸ್ಟಿಕ್ ಹಾಕುವುದೇ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ಷಾರವಿಲ್ಲದೆ ಎಣ್ಣೆ ಸಾಬೂನಾಗುವುದಿಲ್ಲ. ಹಾಗೆ ಹೇಳುವವರು ಬೇರೆಯವರು ಮಾಡಿಟ್ಟ ಸಿದ್ಧ ಸಾಬೂನಿನ ಗಟ್ಟಿಯನ್ನು ತಂದು, ಕರಗಿಸಿ, ಅಚ್ಚಿಗೆ ಸುರಿದಿರುತ್ತಾರೆ. ಕಾಸ್ಟಿಕ್ ಹಾಕುವ ಕೆಲಸ ಮೊದಲೇ ಇನ್ನೊಂದು ಕಡೆ ಮುಗಿದಿರುತ್ತದೆ. ಸರಿಯಾಗಿ ಮಾಡಿದ ಸಾಬೂನಿನಲ್ಲಿ ಕಾಸ್ಟಿಕ್ ಉಳಿದಿರುವುದಿಲ್ಲ, ಪೂರ್ತಿ ಖರ್ಚಾಗಿರುತ್ತದೆ. ಹಾಗೆ ಪೂರ್ತಿ ಖರ್ಚಾಗಲಿ ಎಂದೇ ಸೂಪರ್‌ಫ್ಯಾಟ್ ಇರುವುದು.

ಪ್ರತಿ ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಬೇರೆ ಬೇರೆ. ಒಂದು ಗ್ರಾಂ ತೆಂಗಿನೆಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕು, ಆಲಿವ್ ಎಣ್ಣೆಗೆ ಸುಮಾರು 0.134, ಹರಳೆಣ್ಣೆಗೆ ಸುಮಾರು 0.128. 300 ಗ್ರಾಂ ಆಲಿವ್ ಎಣ್ಣೆ, 200 ಗ್ರಾಂ ತೆಂಗಿನೆಣ್ಣೆ ಇಟ್ಟುಕೊಂಡಿದ್ದೀರಿ ಎನ್ನಿ. ಆಲಿವ್‌ಗೆ 40.2 ಗ್ರಾಂ, ತೆಂಗಿಗೆ 36.6 ಗ್ರಾಂ, ಒಟ್ಟು 76.8 ಗ್ರಾಂ ಕಾಸ್ಟಿಕ್. ಇಷ್ಟನ್ನೂ ಹಾಕಿದರೆ ಕಾಗದದ ಮೇಲೆ ಒಂದು ತೊಟ್ಟು ಎಣ್ಣೆಯೂ ಉಳಿಯುವುದಿಲ್ಲ, ಸೂಪರ್‌ಫ್ಯಾಟ್ ಸೊನ್ನೆ. 5% ಬೇಕಿದ್ದರೆ 76.8ರ ಶೇ. 95, ಅಂದರೆ 73 ಗ್ರಾಂ ಹಾಕಬೇಕು. 8% ಬೇಕಿದ್ದರೆ 70.7 ಗ್ರಾಂ. ಎಣ್ಣೆ ಅಷ್ಟೇ ಇರುತ್ತದೆ, ಕಾಸ್ಟಿಕ್ ಕಡಿಮೆಯಾಗುತ್ತದೆ. ಐದಕ್ಕೂ ಎಂಟಕ್ಕೂ ನಡುವೆ ಇರುವುದು ಎರಡೂಕಾಲು ಗ್ರಾಂ ಚಿಲ್ಲರೆ ಮಾತ್ರ. ಚಮಚದಲ್ಲಿ, ಲೋಟದಲ್ಲಿ ಅಳೆದು ಸಾಬೂನು ಮಾಡಲಾಗದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಈ ಲೆಕ್ಕವೂ ಪೂರ್ತಿ ಕರಾರುವಾಕ್ಕಲ್ಲ. ತೆಂಗಿನೆಣ್ಣೆ ಎಂದರೆ ಎಲ್ಲ ಡಬ್ಬಿಯಲ್ಲೂ ಒಂದೇ ಅಲ್ಲ. ಬೆಳೆ, ತಳಿ, ಶುದ್ಧೀಕರಣ ನೋಡಿಕೊಂಡು ಅದು ಬೇಡುವ ಕ್ಷಾರದ ಪ್ರಮಾಣ ಶೇ. ಎರಡು ಮೂರರಷ್ಟು ಆಚೀಚೆ ಆಗುತ್ತದೆ. ಕಾಸ್ಟಿಕ್ ಕೂಡ ಹಾಗೆಯೇ. ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೀರಿ ಸೋಡಾ ಬೂದಿಯಾಗುತ್ತಾ ಹೋಗುತ್ತದೆ. ಅಂಥ ಡಬ್ಬಿಯಿಂದ 73 ಗ್ರಾಂ ತೂಗಿದರೆ ಅದರಲ್ಲಿ ನಿಜವಾದ ಕಾಸ್ಟಿಕ್ ಅದಕ್ಕಿಂತ ಕಡಿಮೆ ಇರುತ್ತದೆ. ಆದ್ದರಿಂದ ನನ್ನ ಪ್ರಕಾರ ಆ 5% ಇರುವುದು ಮೊದಲು ಸುರಕ್ಷತೆಗೆ, ಆಮೇಲೆ ಮೃದುತನಕ್ಕೆ. ತೂಕದಲ್ಲಿ, ಎಣ್ಣೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಬಿಡಿ ಕಾಸ್ಟಿಕ್ ಚರ್ಮಕ್ಕೆ ತಾಗದಿರಲಿ ಎಂದು ಬಿಟ್ಟುಕೊಂಡ ಅವಕಾಶ ಅದು. ಜಾಹೀರಾತಿನವರು ಎರಡನೆಯದನ್ನೇ ಮುಂದೆ ಮಾಡುತ್ತಾರೆ.

ಮೃದುತನದ ಮಾತು ಸುಳ್ಳಂತೂ ಅಲ್ಲ. ಸಾಬೂನಿನ ಅಣುವಿಗೆ ಒಂದು ತುದಿ ನೀರಿಗೆ ಒಲಿಯುವಂಥದ್ದು, ಇನ್ನೊಂದು ತುದಿ ಜಿಡ್ಡಿಗೆ ಒಲಿಯುವಂಥದ್ದು. ಮೈಮೇಲಿನ ಕೊಳೆಯನ್ನೂ ಚರ್ಮ ತನಗಾಗಿ ಸ್ರವಿಸಿಕೊಂಡ ಜಿಡ್ಡನ್ನೂ ಅದು ಬೇರೆ ಬೇರೆ ಎಂದು ನೋಡುವುದಿಲ್ಲ, ಎರಡನ್ನೂ ಎತ್ತಿಕೊಂಡು ಹೋಗುತ್ತದೆ. ಸಾಬೂನಿನಲ್ಲೇ ಒಂದಿಷ್ಟು ಎಣ್ಣೆ ಇದ್ದರೆ ಅದರ ಶಕ್ತಿಯ ಒಂದು ಪಾಲು ಆ ಎಣ್ಣೆಯನ್ನು ಹೊರುವುದಕ್ಕೇ ಖರ್ಚಾಗುತ್ತದೆ, ಚರ್ಮದ ಜಿಡ್ಡು ಸ್ವಲ್ಪ ಉಳಿಯುತ್ತದೆ. ಸ್ನಾನದ ನಂತರ ಚರ್ಮ ಬಿಗಿದಂತಾಗುವುದು ಕಡಿಮೆಯಾಗುವುದು ಹೀಗೆ. ಉಳಿದ ಎಣ್ಣೆ ಚರ್ಮಕ್ಕೆ ಹತ್ತಿ ಪೋಷಿಸುತ್ತದೆ ಎನ್ನುವುದು ಮಾತ್ರ ಉತ್ಪ್ರೇಕ್ಷೆ. ಅದರ ಬಹುಪಾಲು ನೊರೆಯ ಜೊತೆಗೇ ಹರಿದುಹೋಗುತ್ತದೆ. ಒಣ ಚರ್ಮದವರು ‘ಹೈ ಸೂಪರ್‌ಫ್ಯಾಟ್’ ಸಾಬೂನಿಗೆ ದುಡ್ಡು ಸುರಿಯುವ ಬದಲು ಸ್ನಾನ ಮುಗಿದು ಮೈ ಇನ್ನೂ ತೇವವಿರುವಾಗ ನಾಲ್ಕು ಹನಿ ಎಣ್ಣೆ ಸವರಿಕೊಂಡರೆ ಹೆಚ್ಚು ಪ್ರಯೋಜನ.

ಸಾಬೂನಿನ ಗುಣ ನಿಜವಾಗಿ ತೀರ್ಮಾನವಾಗುವುದು ಯಾವ ಎಣ್ಣೆ ಎಂಬುದರಲ್ಲಿ. ತೆಂಗಿನೆಣ್ಣೆಯ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಅದರಿಂದಾದ ಸಾಬೂನು ಗಟ್ಟಿಯಾಗಿರುತ್ತದೆ, ತಣ್ಣೀರಿನಲ್ಲೂ ಧಾರಾಳ ನೊರೆ ಕೊಡುತ್ತದೆ, ಜಿಡ್ಡನ್ನು ಕಿತ್ತು ತೆಗೆಯುತ್ತದೆ. ಬರೀ ತೆಂಗಿನೆಣ್ಣೆಯಲ್ಲಿ 5% ಸೂಪರ್‌ಫ್ಯಾಟ್ ಇಟ್ಟು ಮಾಡಿದ ಸಾಬೂನು ಬಟ್ಟೆಗೆ, ಪಾತ್ರೆಗೆ ಸೈ, ಮೈಗೆ ಒರಟು. ಹಾಗಾಗಿ ಬರೀ ತೆಂಗಿನ ಸಾಬೂನು ಮಾಡುವವರು ಸೂಪರ್‌ಫ್ಯಾಟನ್ನು 20%ವರೆಗೆ ಏರಿಸುತ್ತಾರೆ. ಆಲಿವ್ ಎಣ್ಣೆಯಲ್ಲಿ ಹೆಚ್ಚಿರುವುದು ಓಲಿಕ್ ಆಮ್ಲ. ಅದರ ಸಾಬೂನು ಸೌಮ್ಯ, ಆದರೆ ನೊರೆ ಕಮ್ಮಿ, ಕೈಗೆ ಲೋಳೆ ಲೋಳೆ. ಹರಳೆಣ್ಣೆಯನ್ನು ಐದು ಹತ್ತು ಪರ್ಸೆಂಟ್ ಸೇರಿಸುವುದು ನೊರೆ ಬೇಗ ಇಳಿಯದಿರಲಿ ಎಂದು. ಈ ಮಿಶ್ರಣ ಸರಿಯಿದ್ದರೆ ಸೂಪರ್‌ಫ್ಯಾಟ್ ನಾಲ್ಕಿರಲಿ ಆರಿರಲಿ, ಬಳಸುವವರಿಗೆ ಗೊತ್ತಾಗುವುದೂ ಕಷ್ಟ.

ದುಬಾರಿ ಎಣ್ಣೆಯನ್ನು ಕೊನೆಗೆ ಹಾಕಿದರೆ ಅದೇ ಉಳಿಯುತ್ತದೆ ಎಂಬ ನಂಬಿಕೆಯೊಂದಿದೆ. ಕಾಯಿಸದೆ ಮಾಡುವ ಕೋಲ್ಡ್ ಪ್ರೋಸೆಸ್‌ನಲ್ಲಿ ಇದು ನಡೆಯುವುದಿಲ್ಲ. ಎಣ್ಣೆಯೂ ಕಾಸ್ಟಿಕ್ ನೀರೂ ಕಲೆತು ಗಂಜಿಯಂತೆ ದಪ್ಪಗಾಗುವ ಹಂತಕ್ಕೆ ‘ಟ್ರೇಸ್’ ಎನ್ನುತ್ತಾರೆ. ಆ ಹೊತ್ತಿಗೆ ಕಾಸ್ಟಿಕ್ ಇನ್ನೂ ಸಾಕಷ್ಟು ಬಾಕಿ ಇರುತ್ತದೆ, ನೀವು ಆಗ ಸುರಿದ ಬಾದಾಮಿ ಎಣ್ಣೆಯನ್ನೂ ಅದು ಬಿಡುವುದಿಲ್ಲ. ಬೇಯಿಸಿ ಮಾಡುವ ಹಾಟ್ ಪ್ರೋಸೆಸ್‌ನಲ್ಲಿ, ಕಾಸ್ಟಿಕ್ ಪೂರ್ತಿ ಮುಗಿದ ಮೇಲೆ ಸೇರಿಸಿದರೆ ಮಾತ್ರ ನಿಮಗೆ ಬೇಕಾದ ಎಣ್ಣೆ ಉಳಿದೀತು.

ಇನ್ನೊಂದು ತಪ್ಪು ತಿಳಿವಳಿಕೆ ಪಿಎಚ್ ಬಗ್ಗೆ, ಅಂದರೆ ಆಮ್ಲವೋ ಕ್ಷಾರವೋ ಎಂದು ತೋರಿಸುವ ಅಳತೆಯ ಬಗ್ಗೆ (ಏಳಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ). ಸೂಪರ್‌ಫ್ಯಾಟ್ ಏರಿಸಿದರೆ ಸಾಬೂನಿನ ಪಿಎಚ್ ಚರ್ಮದ ಮಟ್ಟಕ್ಕೆ ಇಳಿಯುತ್ತದೆ ಎನ್ನುವವರಿದ್ದಾರೆ. ಚರ್ಮದ ಮೇಲ್ಮೈ ಪಿಎಚ್ ಐದರ ಆಸುಪಾಸು, ನಿಜವಾದ ಸಾಬೂನಿನದು 9ರಿಂದ 10. ಆಮ್ಲ ಹಾಕಿ ಬಲವಂತವಾಗಿ ಇಳಿಸಹೋದರೆ ಸಾಬೂನು ಒಡೆದು ಕೊಬ್ಬಿನಾಮ್ಲವಾಗಿಬಿಡುತ್ತದೆ, ನೊರೆಯೇ ಬರುವುದಿಲ್ಲ. ಆರೋಗ್ಯವಂತ ಚರ್ಮ ತೊಳೆದ ಕೆಲ ಗಂಟೆಗಳಲ್ಲಿ ತನ್ನ ಆಮ್ಲೀಯತೆಯನ್ನು ಮರಳಿ ಪಡೆಯುತ್ತದೆ. ಎಕ್ಸಿಮಾ ಇರುವವರಿಗೆ, ಎಳೆ ಮಕ್ಕಳಿಗೆ ಅಷ್ಟು ಸುಲಭವಲ್ಲ. ಅಂಥವರಿಗೆ ‘ನೈಸರ್ಗಿಕ’ ಎಂಬ ಒಂದೇ ಕಾರಣಕ್ಕೆ ಸಾಬೂನು ಒಳ್ಳೆಯದಾಗುವುದಿಲ್ಲ.

ಕೂದಲಿನ ವಿಷಯ ಇನ್ನೂ ಸೂಕ್ಷ್ಮ. ಕೂದಲಿನ ಹೊರಪದರ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಕ್ಕೆಗಳಿಂದ ಆಗಿದೆ. ಕ್ಷಾರದ ನೀರಿನಲ್ಲಿ ಕೂದಲು ಉಬ್ಬಿ ಆ ಚಕ್ಕೆಗಳು ಏಳುತ್ತವೆ, ಎಳೆಗೆ ಎಳೆ ಸಿಕ್ಕಿಕೊಳ್ಳುತ್ತದೆ, ಬಾಚಿದರೆ ಮುರಿಯುತ್ತದೆ. ಅದರ ಮೇಲೆ ಗಡಸು ನೀರಾದರೆ ಕೇಳುವುದೇ ಬೇಡ: ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಕರಗದ ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಆ ಗಸಿಯೇ ಕೂದಲಿಗೂ ಮೆತ್ತಿಕೊಳ್ಳುತ್ತದೆ. ತಲೆ ತೊಳೆದರೂ ಮೇಣ ಹಚ್ಚಿದಂತೆ ಜಿಗಟು ಉಳಿದಿದೆ ಎನ್ನುವವರು ಬಹುಮಟ್ಟಿಗೆ ಹೇಳುತ್ತಿರುವುದು ಇದನ್ನೇ. ತಲೆಗೆ ಸಾಬೂನೇ ಬೇಕೆನ್ನುವವರು ಸೂಪರ್‌ಫ್ಯಾಟ್ ಎರಡು ಮೂರಕ್ಕೆ ಇಳಿಸಿದ್ದನ್ನು ಬಳಸಿ, ಕೊನೆಗೆ ಒಂದು ಮಗ್ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಸುರಿದುಕೊಳ್ಳುತ್ತಾರೆ. ಆಮ್ಲ ತಾಗಿ ಗಸಿ ಸಡಿಲಾಗುತ್ತದೆ, ಚಕ್ಕೆಗಳು ಮಲಗುತ್ತವೆ. ಬಣ್ಣ ಹಾಕಿಸಿದ ಕೂದಲಿಗೆ ಮಾತ್ರ ಸಾಬೂನಿನ ಸಹವಾಸವೇ ಬೇಡ. ಅಂಟುವಾಳ, ಸೀಗೆಕಾಯಿಗಳ ನೊರೆ ಬರುವುದು ಸಪೋನಿನ್ ಎಂಬ ಬೇರೆಯೇ ವಸ್ತುವಿನಿಂದ. ಅವಕ್ಕೆ ಸೂಪರ್‌ಫ್ಯಾಟ್ ಲೆಕ್ಕ ಅನ್ವಯಿಸುವುದಿಲ್ಲ.

ತೆಂಗಿನೆಣ್ಣೆಯ ಎರಡು ಮುಖ ಕಾಣುವುದು ಕೂದಲಿನಲ್ಲೇ. ಲಾರಿಕ್ ಆಮ್ಲದ ನೇರವಾದ, ಗಿಡ್ಡ ಸರಪಳಿಯಿಂದಾಗಿ ತೆಂಗಿನೆಣ್ಣೆ ಕೂದಲಿನ ಒಳಕ್ಕೆ ಇಳಿಯಬಲ್ಲದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೊಳೆಯುವ ಮುಂಚೆ ಹಚ್ಚಿದ ತೆಂಗಿನೆಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿತು. ಸೂರ್ಯಕಾಂತಿ ಎಣ್ಣೆಯಿಂದಲೂ ಮಿನರಲ್ ಎಣ್ಣೆಯಿಂದಲೂ ಆ ಕೆಲಸ ಆಗಲಿಲ್ಲ. ಎಣ್ಣೆಯಾಗಿ ಕೂದಲನ್ನು ಕಾಯುವ ಅದೇ ಲಾರಿಕ್ ಆಮ್ಲ ಸಾಬೂನಾದ ಮೇಲೆ ಜಿಡ್ಡನ್ನೆಲ್ಲ ಬಳಿದುಕೊಂಡು ಹೋಗುತ್ತದೆ. ಆದ್ದರಿಂದ ‘ತೆಂಗಿನೆಣ್ಣೆಯ ಗುಣಗಳುಳ್ಳ ಸಾಬೂನು’ ಎಂಬ ಮಾತಿಗೆ ಹುರುಳಿಲ್ಲ. ಆಲಿವ್ ಎಣ್ಣೆಯದು ತಿರುವುಮುರುವು. ಸಾಬೂನಾಗಿ ಸೌಮ್ಯ, ಆದರೆ ಹಾಗೇ ಚರ್ಮಕ್ಕೆ ಹಚ್ಚಿದರೆ ಅದರ ಓಲಿಕ್ ಆಮ್ಲ ಚರ್ಮದ ರಕ್ಷಣಾ ಪದರವನ್ನು ಸಡಿಲಿಸುತ್ತದೆ ಎಂದು 2013ರ ಒಂದು ಅಧ್ಯಯನ ಹೇಳಿತು; ಸೂರ್ಯಕಾಂತಿ ಎಣ್ಣೆ ಆ ತೊಂದರೆ ಕೊಡಲಿಲ್ಲ. ಹೊಟ್ಟು ಇರುವ ನೆತ್ತಿಗೆ ಎಣ್ಣೆ ಮೆತ್ತುವುದಕ್ಕೂ ಮುಂಚೆ ಯೋಚಿಸಬೇಕು. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಶಿಲೀಂಧ್ರ ಬದುಕುವುದೇ ಕೊಬ್ಬಿನಾಮ್ಲ ತಿಂದು.

ಸೂಪರ್‌ಫ್ಯಾಟ್ ಅತಿಯಾದರೂ ಕಷ್ಟ. ಸಾಬೂನು ಮೆತ್ತಗಾಗುತ್ತದೆ, ನೊರೆ ಕುಗ್ಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಉಳಿದ ಎಣ್ಣೆ ಕಮಟುತ್ತದೆ. ಸೂರ್ಯಕಾಂತಿಯಂಥ ಬೇಗ ಹಳಸುವ ಎಣ್ಣೆ ಹೆಚ್ಚು ಹಾಕಿದ ಸಾಬೂನಿನ ಮೇಲೆ ಕೆಲವು ತಿಂಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಮೂಡುತ್ತವೆ. ಮೂಗಿಗೆ ಹಿಡಿದರೆ ಹಳೇ ಕರಿದ ಎಣ್ಣೆಯ ವಾಸನೆ. ತೇವದ ಜಾಗ, ತುಕ್ಕು ಹಿಡಿದ ತಂತಿಯ ತಟ್ಟೆ ಇದನ್ನು ಬೇಗ ಮಾಡಿಸುತ್ತವೆ. ಹೊಸ ಸಾಬೂನನ್ನು ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಬಿಡುವುದು ನೀರು ಆರಿ ಗಟ್ಟಿಯಾಗಲಿ ಎಂದು. ಕಾಸ್ಟಿಕ್ ಕೆಲಸ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಮುಗಿದಿರುತ್ತದೆ.

ಮಾಡಿ ನೋಡುವ ಉತ್ಸಾಹ ಬಂದಿದ್ದರೆ: ಕಾಸ್ಟಿಕ್ಕನ್ನು ನೀರಿಗೆ ಹಾಕಿ, ಕಾಸ್ಟಿಕ್ ಮೇಲೆ ನೀರು ಸುರಿಯಬೇಡಿ, ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಅದು ಕಾಸ್ಟಿಕ್ ಜೊತೆ ಸೇರಿ ಹೈಡ್ರೋಜನ್ ಬಿಡುತ್ತದೆ. ಕನ್ನಡಕ, ಕೈಗವಸು ಇರಲಿ. ಮಕ್ಕಳು ಹತ್ತಿರ ಸುಳಿಯದಿರಲಿ.

ಕೊಳ್ಳುವವರಾದರೆ ಪೊಟ್ಟಣದ ಹಿಂಬದಿ ನೋಡಿ. ಸೋಡಿಯಂ ಕೊಕೊಯೇಟ್ ಎಂದಿದ್ದರೆ ತೆಂಗಿನೆಣ್ಣೆಯ ಸಾಬೂನು, ಸೋಡಿಯಂ ಆಲಿವೇಟ್ ಎಂದಿದ್ದರೆ ಆಲಿವ್‌ನದು, ಸೋಡಿಯಂ ಪಾಮೇಟ್ ಎಂದಿದ್ದರೆ ತಾಳೆಯದು. ಸೋಡಿಯಂ ಕೊಕೊಯಿಲ್ ಐಸೆಥಿಯೋನೇಟ್ ಮೊದಲಿಗಿದ್ದರೆ ಅದು ಸಾಬೂನೇ ಅಲ್ಲ, ಸಿಂಡೆಟ್ ಬಾರ್, ಅಂದರೆ ಕೃತಕ ಡಿಟರ್ಜೆಂಟ್‌ನಿಂದ ಮಾಡಿದ ಗಟ್ಟಿ. ಅದರ ಪಿಎಚ್ ಚರ್ಮದ ಹತ್ತಿರಕ್ಕೆ ಇಟ್ಟುಕೊಳ್ಳಬಹುದು, ಗಡಸು ನೀರಿನಲ್ಲೂ ಗಸಿ ಕಟ್ಟುವುದಿಲ್ಲ, ಅದರ ಮೇಲೆ ಯಾರಾದರೂ ಸೂಪರ್‌ಫ್ಯಾಟ್ ಇಷ್ಟು ಎಂದು ಬರೆದಿದ್ದರೆ ಆ ಅಂಕಿಯನ್ನು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ.