ಶಾಫ್ಟಿಗೆ ಕೂತ ಪ್ರೊಪೆಲರ್ ಮೋಟರಿಗೆ ಹೊಂದಬೇಕೆಂದಿಲ್ಲ

ಕಳೆದ ತಿಂಗಳು ಗಂಗಾವತಿ ಕಡೆಯ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ರಾಯಚೂರಿನ ನನ್ನ ರಿಪೇರಿ ಮೇಜಿನ ಮೇಲೆ ಸುಟ್ಟ ಇಎಸ್‌ಸಿಯನ್ನು ತಂದಿಟ್ಟ. ಮಾದರಿ ವಿಮಾನದ ಮೋಟರಿನ ವೇಗ ನಿಯಂತ್ರಿಸುವ ಆ ಪುಟ್ಟ ಫಲಕದ ಹೊದಿಕೆ ಕರಗಿ ಮುದುಡಿತ್ತು. "ಸರ್, ಪ್ರೊಪೆಲರ್ ಶಾಫ್ಟಿಗೆ ಸರಿಯಾಗಿಯೇ ಕೂತಿತ್ತು" ಎಂದ. ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಕೇಳುತ್ತೇನೋ ಲೆಕ್ಕವಿಲ್ಲ. ಕೂತಿತ್ತು ಎಂದರೆ ತೂತಿನ ಅಳತೆ ಸರಿಯಿತ್ತು, ಅಷ್ಟೇ.

ಅವನ ವಿಮಾನಕ್ಕೆ ಹೇಳಿದ್ದು 9×6, ಅಂದರೆ ವ್ಯಾಸ 9 ಇಂಚು, ಪಿಚ್ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) 6 ಇಂಚು; ಅವನು ಹಾಕಿದ್ದು 10×6. "ಒಂದೇ ಇಂಚು ಹೆಚ್ಚು, ಸರ್." ಆ ಒಂದು ಇಂಚಿನಲ್ಲೇ ಎಲ್ಲ ಇದೆ, ತಮ್ಮಾ. ಪಿಚ್ ಮತ್ತು ವೇಗ ಅಷ್ಟೇ ಇದ್ದರೆ, ಪ್ರೊಪೆಲರ್ ಬೇಡುವ ಶಕ್ತಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 9ರ ನಾಲ್ಕನೇ ಘಾತ 6,561, 10ರದು 10,000. ಅಂದರೆ ಹೊರೆ ಸುಮಾರು ಒಂದೂವರೆ ಪಟ್ಟು. 18 ಆಂಪಿಯರ್ ಎಳೆಯುತ್ತಿದ್ದ ಮೋಟರ್ ಲೆಕ್ಕದ ಪ್ರಕಾರ 27 ಎಳೆಯಬೇಕು. ಹೊರೆಗೆ ವೇಗ ತುಸು ಕುಗ್ಗುವುದರಿಂದ ಮೀಟರಿನಲ್ಲಿ ಅಷ್ಟು ಕಾಣಲಿಕ್ಕಿಲ್ಲ. ಆದರೂ 20 ಆಂಪಿಯರಿನ ಇಎಸ್‌ಸಿಗೆ, ಅದೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಗಾಳಿಯಾಡದ ಹೊಟ್ಟೆಯೊಳಗೆ ಮಲಗಿದ್ದಕ್ಕೆ, ಅದು ತಾಳುವ ಹೊರೆಯಲ್ಲ.

ಹುಡುಗರ ತಪ್ಪು ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು. ಅವರು ಟ್ರ್ಯಾಕ್ಟರ್, ಡೀಸೆಲ್ ಪಂಪ್‌ಸೆಟ್ ನೋಡುತ್ತ ಬೆಳೆದವರು. ಹೊರೆ ಮೀರಿದರೆ ಎಂಜಿನ್ ಏದುಸಿರು ಬಿಟ್ಟು ನಿಂತುಬಿಡುತ್ತದೆ. ವಿದ್ಯುತ್ ಮೋಟರ್ ಹಾಗೆ ಕೈಚೆಲ್ಲುವುದಿಲ್ಲ. 1000 ಕೆವಿ (ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು ಎಂಬ ಅಳತೆ) ಮೋಟರಿಗೆ 11.1 ವೋಲ್ಟಿನ ಬ್ಯಾಟರಿ ಕೊಟ್ಟರೆ ಹೊರೆಯಿಲ್ಲದಾಗ ನಿಮಿಷಕ್ಕೆ ಸುಮಾರು 11,100 ಸುತ್ತು. ನೀವು ಯಾವ ಪ್ರೊಪೆಲರ್ ಹಾಕಿದರೂ ಅದು ಆ ವೇಗದತ್ತಲೇ ಜಗ್ಗುತ್ತದೆ, ಅದಕ್ಕೆ ಬೇಕಾದ ಕರೆಂಟನ್ನು ಬ್ಯಾಟರಿಯಿಂದ ಹೀರುತ್ತದೆ. ನಿಮ್ಮ ಬೆರಳು ಅಡ್ಡ ಬಂದರೂ ಹಾಗೆಯೇ: ನಿಲ್ಲುವ ಬದಲು ಇನ್ನಷ್ಟು ಹೀರಿ ತಿರುಗಲು ನೋಡುತ್ತದೆ. ಅದಕ್ಕೇ ಬ್ಯಾಟರಿ ಜೋಡಿಸಿದ ಮೇಲೆ ಯಾರೂ ಮುಂದೆ ಅಥವಾ ಪ್ರೊಪೆಲರಿನ ಪಕ್ಕದ ನೇರದಲ್ಲಿ ನಿಲ್ಲಬಾರದೆಂದು ಗದರುತ್ತೇನೆ.

ಇಎಸ್‌ಸಿ ಸುಟ್ಟರೆ ಹೆಚ್ಚಾಗಿ ಹೋಗುವುದು ಹಣವಷ್ಟೇ. ನನಗೆ ನಿಜವಾದ ಹೆದರಿಕೆ ಸ್ಲೋ ಫ್ಲೈ ಪ್ರೊಪೆಲರಿನದು. ಅಗಲವಾದ, ತೆಳುವಾದ, ಹಗುರ ಬ್ಲೇಡ್. ನಿಧಾನ ಹಾರುವ ವಿಮಾನಕ್ಕೆಂದೇ ಮಾಡಿದ್ದು. ಎಪಿಸಿ ಕಂಪನಿ ತನ್ನ ಸ್ಲೋ ಫ್ಲೈ ಪ್ರೊಪೆಲರಿಗೆ ಮಿತಿ ಹೇಳಿದೆ: 65,000ವನ್ನು ಇಂಚಿನ ವ್ಯಾಸದಿಂದ ಭಾಗಿಸಿ. 10 ಇಂಚಿನದಕ್ಕೆ ನಿಮಿಷಕ್ಕೆ 6,500 ಸುತ್ತು. ಮೇಲೆ ಹೇಳಿದ ಮೋಟರ್ ಅದನ್ನು 7,000 ದಾಟಿಸಬಲ್ಲದು. ಆಗ ಬ್ಲೇಡಿನ ತುದಿ ಗಂಟೆಗೆ ಸುಮಾರು 335 ಕಿಲೋಮೀಟರ್ ವೇಗದಲ್ಲಿರುತ್ತದೆ. ಲೇತ್ ಅಂಗಡಿಯಲ್ಲಿ ಗ್ರೈಂಡಿಂಗ್ ಚಕ್ರದ ಮೇಲೆ ಬರೆದ ವೇಗವನ್ನು ಓದದೆ ಯಾವ ಒಳ್ಳೆಯ ಮೇಸ್ತ್ರಿಯೂ ಅದನ್ನು ಕೂರಿಸುವುದಿಲ್ಲ. ಪ್ರೊಪೆಲರಿಗೆ ಮಾತ್ರ ಆ ಮರ್ಯಾದೆ ಏಕಿಲ್ಲ?

ಒಮ್ಮೆ ಸಿಂಧನೂರಿನ ಹತ್ತಿರ, ಹತ್ತಿ ಕಟ್ಟಿಗೆ ಕಿತ್ತ ಎರೆ ಹೊಲದಲ್ಲಿ, ನೆಲದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟಾಗ ಅಂಥ ಒಂದು ಬ್ಲೇಡ್ ಬುಡದಲ್ಲೇ ಮುರಿಯಿತು. ಒಂಟಿ ಬ್ಲೇಡಿನ ಅದುರಿಗೆ ಮೋಟರ್ ಮೌಂಟಿನಿಂದ ಕಿತ್ತುಬಂತು. ಮುರಿದ ತುಂಡು ಪಕ್ಕದ ರಟ್ಟಿನ ಪೆಟ್ಟಿಗೆಯನ್ನು ಸೀಳಿಕೊಂಡು ಒಳಗೆ ಹೋಗಿತ್ತು. ಒಂದು ನಿಮಿಷದ ಹಿಂದೆ ಅದೇ ಪೆಟ್ಟಿಗೆಯ ಮೇಲೆ ಒಬ್ಬ ಹುಡುಗ ಕೂತಿದ್ದ. ತುಂಡನ್ನು ಬಿಸಿಲಿಗೆ ಹಿಡಿದು ನೋಡಿದೆ: ಮುರಿದ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಹಿಂದಿನ ವಾರ ನೆಲಕ್ಕೆ ಬಡಿದು ಬಾಗಿದ್ದನ್ನು ಕೈಯಿಂದ ನೆಟ್ಟಗೆ ಮಾಡಿ ಮತ್ತೆ ಹಾಕಿದ್ದರಂತೆ.

ಹಾರಿಸುವ ಮುನ್ನ ಪ್ರತಿ ಬ್ಲೇಡಿನ ಬುಡವನ್ನು ಮೆಲ್ಲಗೆ ಬಾಗಿಸಿ ನೋಡಿ. ಬಿಳಿ ಗೆರೆ ಕಂಡರೆ ಅಂಟು ಹಚ್ಚಬೇಡಿ, ಇಕ್ಕಳದಿಂದ ಎರಡು ತುಂಡು ಮಾಡಿ ಎಸೆಯಿರಿ, ಇನ್ನೊಬ್ಬರು ಎತ್ತಿಕೊಳ್ಳದ ಹಾಗೆ. ಹೊಸ ಪ್ರೊಪೆಲರ್ ಕೊಳ್ಳುವಾಗ ಮೋಟರ್ ತಯಾರಕರ ಪಟ್ಟಿಯಲ್ಲಿ ನಿಮ್ಮ ಬ್ಯಾಟರಿಗೆ ಹೇಳಿದ ಅತಿ ಚಿಕ್ಕದರಿಂದ ಶುರು ಮಾಡಿ. ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿ, ವಿಮಾನವನ್ನು ಭದ್ರವಾಗಿ ಕಟ್ಟಿ, ಕೆಲವೇ ಸೆಕೆಂಡು ಪೂರ್ತಿ ಥ್ರಾಟಲ್ ಕೊಟ್ಟು ವ್ಯಾಟ್‌ಮೀಟರಿನಲ್ಲಿ ಆಂಪಿಯರ್ ಓದಿ. ಇಎಸ್‌ಸಿಯ ಮಿತಿಗಿಂತ ಐದನೇ ಒಂದು ಭಾಗ ಕಡಿಮೆ ಇದ್ದರೆ ನನಗೆ ಸಮಾಧಾನ. ಮೀಟರ್ ಇಲ್ಲದವರು ಭಾನುವಾರ ಬೆಳಿಗ್ಗೆ ಬನ್ನಿ, ನನ್ನದರಲ್ಲಿ ಅಳೆಯೋಣ. ಬರುವಾಗ ಪ್ರೊಪೆಲರ್ ಬಿಚ್ಚಿ ಬೇರೆ ಚೀಲದಲ್ಲಿಟ್ಟು ತನ್ನಿ.