ನಾಲ್ಕು ಗಂಟೆಗೊಂದು ಗ್ರಹಣ

2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡಿನ ಚೆರುವತ್ತೂರಿನಲ್ಲಿ ಸೂರ್ಯ ಮೂರು ನಿಮಿಷ ಬಳೆಯಾಗಿದ್ದ. ಬದಿಯಡ್ಕ ಕಡೆಯ ನಮ್ಮ ಮನೆಯಲ್ಲಿ ಅಜ್ಜಿ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ಪಂಚಾಂಗ ತೊಡೆಯ ಮೇಲಿರಿಸಿ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. ಸ್ಪರ್ಶಕಾಲ ಒಂದು ನಿಮಿಷ ಆಚೀಚೆ ಆದರೆ ಅವರ ತೀರ್ಪು ಒಂದೇ: ‘ಗಡಿಯಾರ ಸರಿ ಇಲ್ಲೆ.’

ಕೆಲವು ಖಗೋಳ ವಿಜ್ಞಾನಿಗಳು ಗಡಿಯಾರವನ್ನು ನಂಬಿ ನಕ್ಷತ್ರವನ್ನು ಶಂಕಿಸುತ್ತಾರೆ.

ಹೀಗೆ ಲೆಕ್ಕ ಇಡುವ ಅಭ್ಯಾಸ ಹಳೆಯದು. ಗುರುವಿನ ಉಪಗ್ರಹ ಅಯೋದ ಗ್ರಹಣಗಳು ಭೂಮಿ ದೂರ ಸರಿದಂತೆ ತಡವಾಗುವುದನ್ನು ಗಮನಿಸಿದ ಓಲೆ ರೋಮರ್, ಬೆಳಕಿಗೂ ಪ್ರಯಾಣಕ್ಕೆ ಸಮಯ ಬೇಕೆಂದು 1676ರಲ್ಲಿ ಹೇಳಿದ. ಅಲ್ಲಿ ತಪ್ಪು ಗಡಿಯಾರದ್ದೂ ಅಲ್ಲ, ಅಯೋದ್ದೂ ಅಲ್ಲ.

ಎಕ್ಸ್‌-ಕಿರಣ ನಮ್ಮ ವಾತಾವರಣ ದಾಟಿ ಬರುವುದಿಲ್ಲ. ಹಾಗಾಗಿ ಎಕ್ಸ್‌-ಕಿರಣ ಸೂಸುವ ನಕ್ಷತ್ರಗಳ ಗ್ರಹಣ ನೋಡುವ ಮುಂದಿನ ಅಧ್ಯಾಯಕ್ಕೆ ಕೃತಕ ಉಪಗ್ರಹ ಬೇಕಾಯಿತು. 1970ರ ಡಿಸೆಂಬರ್‌ನಲ್ಲಿ ಕೀನ್ಯಾ ಕರಾವಳಿಯಿಂದ ಹಾರಿದ ಉಹುರು, ಸೆಂಟಾರಸ್ ಎಕ್ಸ್‌-3 ಎಂಬ ಮೂಲ 2.1 ದಿನಕ್ಕೊಮ್ಮೆ ಮರೆಯಾಗುವುದನ್ನು ಕಂಡಿತು. ನ್ಯೂಟ್ರಾನ್ ನಕ್ಷತ್ರವೊಂದು (ಸತ್ತ ನಕ್ಷತ್ರದ ಕುಗ್ಗಿದ ತಿರುಳು) ದೊಡ್ಡ ಜೊತೆಗಾರನ ಹಿಂದೆ ಹೋಗಿ ಬರುತ್ತಿತ್ತು. ಈ ಜೋಡಿಯ ಪರಿಭ್ರಮಣ ಅವಧಿ ವರ್ಷಕ್ಕೆ ಸುಮಾರು ಮೂರನೇ ಒಂದು ಸೆಕೆಂಡ್ ಕಡಿಮೆಯಾಗುತ್ತಿದೆ. ಇವೆರಡರ ನಡುವಿನ ಉಬ್ಬರವಿಳಿತದ ಎಳೆತವೇ ಇದಕ್ಕೆ ಮುಖ್ಯ ಕಾರಣ.

ನನಗೆ ಹೆಚ್ಚು ಇಷ್ಟವಾದದ್ದು ಇಎಕ್ಸ್‌ಒ 0748-676. 1985ರಲ್ಲಿ ಯುರೋಪಿನ ಎಕ್ಸೋಸ್ಯಾಟ್ ಉಪಗ್ರಹ ಕಂಡುಹಿಡಿದ ಈ ನ್ಯೂಟ್ರಾನ್ ನಕ್ಷತ್ರ-ಜೊತೆಗಾರ ಜೋಡಿ ನಮ್ಮೂರಿನ ದಕ್ಷಿಣ ದಿಗಂತದಿಂದ ಹತ್ತು ಡಿಗ್ರಿಗಿಂತ ಮೇಲೇರುವುದಿಲ್ಲ; ಅಡಿಕೆ ತೋಟದ ಹಿಂದೆಯೇ ಹುಟ್ಟಿ ಮುಳುಗುತ್ತದೆ. ಅಲ್ಲಿ 3.82 ಗಂಟೆಗೊಂದು ಗ್ರಹಣ, ಎಂಟು ನಿಮಿಷ ಚಿಲ್ಲರೆ. ಸ್ಪರ್ಶ, ಮೋಕ್ಷಗಳನ್ನು ಅಳೆದು ಮಧ್ಯಕಾಲ ತೆಗೆದು, ರೋಮರ್ ಕಂಡ ಬೆಳಕಿನ ವಿಳಂಬವನ್ನೂ ಕಳೆದು, ಲೆಕ್ಕದ ಸಮಯಕ್ಕೂ ಕಂಡ ಸಮಯಕ್ಕೂ ಇರುವ ಅಂತರವನ್ನು ಗ್ರಾಫಿಗೆ ಹಾಕುತ್ತಾರೆ. ಪರಿಭ್ರಮಣೆ ಒಂದೇ ಒಂದು ಮಿಲಿಸೆಕೆಂಡ್ ಉದ್ದವಾದರೆ ಸಾಕು, ವರ್ಷದ ಸುಮಾರು 2,295 ಗ್ರಹಣಗಳಲ್ಲಿ ಅದು ಒಟ್ಟಾಗಿ ಎರಡು ಸೆಕೆಂಡ್ ದಾಟುತ್ತದೆ. ಕಿಲುಬು ಕಾಸು ಕೂಡಿಟ್ಟ ಹಾಗೆ.

ಗ್ರಾಫಿನಲ್ಲಿ ನಯವಾದ ಬಾಗು ಬರುತ್ತದೆಂದು ಎಲ್ಲರೂ ಕಾದಿದ್ದರು. 2009ರಲ್ಲಿ ಪ್ರಕಟವಾದ 443 ಗ್ರಹಣಗಳ ಪಟ್ಟಿ ತೋರಿಸಿದ್ದು ಮುರಿದ ಗೆರೆಯನ್ನು: 1985ರಿಂದೀಚೆಗೆ ನಾಲ್ಕು ಬೇರೆಬೇರೆ ಪರಿಭ್ರಮಣ ಅವಧಿಗಳು. ಗುರುತ್ವ ಅಲೆಗಳಾಗಲಿ ದ್ರವ್ಯದ ಹರಿವಾಗಲಿ ಇಷ್ಟು ದಿಢೀರನೆ ಕೆಲಸ ಮಾಡುವುದಿಲ್ಲ. ಜೊತೆಗಾರ ನಕ್ಷತ್ರದ ಕಾಂತಕ್ಷೇತ್ರ ಬದಲಾದಾಗ ಅದರ ಹೊಟ್ಟೆಯ ಆಕಾರವೇ ಕೊಂಚ ಬದಲಾಗುತ್ತದೆ ಎಂಬ ವಿವರಣೆ ನನಗೆ ಹೆಚ್ಚು ಒಪ್ಪುತ್ತದೆ. ಎಕ್ಸ್‌ಟಿಇ ಜೆ1710-281 ಎಂಬ ಇನ್ನೊಂದು ಜೋಡಿಯಲ್ಲೂ ಇಂಥದೇ ಜಿಗಿತವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿಸ್ವಜಿತ್ ಪಾಲ್ ಅವರು ಚೇತನಾ ಜೈನ್ ಜೊತೆ ಗುರುತಿಸಿದ್ದಾರೆ.

0748 ಮಾತ್ರ 2008ರಲ್ಲಿ ಮಂಕಾಯಿತು. 2024ರ ಜೂನ್‌ನಲ್ಲಿ ಮತ್ತೆ ಬೆಳಗಿದಾಗ ನಡುವೆ ಸುಮಾರು ಮೂವತ್ತಾರು ಸಾವಿರ ಗ್ರಹಣ ಕಳೆದಿದ್ದವು.